ಶುಭ ಕೋರುವವರು

ರಾಗಿಗುಡ್ಡದ ತಿರುವಿನ ಫ್ಲೆಕ್ಸ್‌ನಲ್ಲಿ ಜ್ಞಾನೇಶ್ ಆಳೆತ್ತರಕ್ಕೆ ಕೈಮುಗಿದು ನಿಂತಿದ್ದ. ಬಿಳಿ ಷರ್ಟು, ಹಣೆಗೆ ವಿಭೂತಿ, ಕೂಲಿಂಗ್ ಗ್ಲಾಸು. ‘ಮಂದಾರದ ಮನೆಮಗ, ಭಾವಿ ಮಂತ್ರಿಗಳಿಗೆ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು.’ ಅದರ ಕೆಳಗೆ ‘ಶುಭ ಕೋರುವವರು’ ಅಂತ ಬರೆದು ಅಂಚೆಚೀಟಿಯಷ್ಟು ಮುಖಗಳ ಸಾಲು. ಅದರಲ್ಲೊಂದು ಮುಖ ಅಕ್ಷರಾಳದು.

ಮಂದಾರ ಎಂಬ ದೇಶ ಯಾವ ಭೂಪಟದಲ್ಲೂ ಇಲ್ಲ. ಶಿವಮೊಗ್ಗದ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಪಾಠ ಮಾಡುವ ಅಕ್ಷರಾ ಅದನ್ನು ಕಟ್ಟಿದ್ದು ತಲೆಯೊಳಗೆ. ಅಲ್ಲಿನ ವಾರ್ಡ್ ಮೆಂಬರ್ ಒಬ್ಬ ಮಂತ್ರಿಯಾಗುವ ಕಥೆಯನ್ನು ಅವಳು ನಾಟಕ ಮಾಡಿದ್ದಳು. ಮಂತ್ರಿಯ ಪಾತ್ರ ಜ್ಞಾನೇಶನದು. ಮಾಚೇನಹಳ್ಳಿಯಲ್ಲಿ ಸಣ್ಣ ಲೇತ್ ವರ್ಕ್‌ಶಾಪ್ ಇಟ್ಟವನು. ತಂಡದ ಸುಘೋಷ ಪ್ರಚಾರಕ್ಕೆಂದು ಊರಿನ ಹುಟ್ಟುಹಬ್ಬದ ಫ್ಲೆಕ್ಸ್‌ಗಳನ್ನೇ ಅಣಕಿಸಿ ಇದನ್ನು ಕಟ್ಟಿಸಿದ್ದ. ನಾಟಕದ ಹೆಸರು, ತಾರೀಕು ಎಲ್ಲ ತೀರಾ ಕೆಳಗಿದ್ದವು. ಕಬ್ಬಿನ ಹಾಲಿನ ಗಾಡಿಯವನು ಮುಂದೆ ಟಾರ್ಪಾಲು ಬಿಗಿದ ಮೇಲೆ ಆ ಸಾಲು ಯಾರಿಗೂ ಕಾಣುತ್ತಿರಲಿಲ್ಲ.

ಕಾಣದವರಲ್ಲಿ ಅಕ್ಷರಾಳ ಅಪ್ಪ ಷಡಕ್ಷರಪ್ಪನವರೂ ಒಬ್ಬರು. ಭದ್ರಾವತಿಯಲ್ಲಿ ಹಾರ್ಡ್‌ವೇರ್ ಅಂಗಡಿ ಅವರದು. ಶನಿವಾರ ಸಾಮಾನು ತರಲು ಶಿವಮೊಗ್ಗಕ್ಕೆ ಬಂದವರು ಸ್ಕೂಟರ್ ನಿಲ್ಲಿಸಿ ಆ ಫ್ಲೆಕ್ಸ್ ನೋಡಿದರು. ಮಗಳು ಏನೋ ನಾಟಕ ಬರೆಯುತ್ತಾಳೆಂದು ಗೊತ್ತಿತ್ತು. ಯಾವ ನಾಟಕವೆಂದು ಕೇಳಿದವರಲ್ಲ. ಮಂದಾರ ಯಾವುದೋ ಹೊಸ ಬಡಾವಣೆ ಇರಬೇಕೆಂದುಕೊಂಡರು. ಕೆಳಗಿನ ಸಾಲಿನಲ್ಲಿ ಮಗಳ ಮುಖ ಕಂಡಿತು. ಮೇಲೆ ಕೈಮುಗಿದ ಹುಡುಗನ ಮುಖವೂ ಚೆನ್ನಾಗಿ ಗುರುತು ಸಿಕ್ಕಿತು. ಮಗಳು ಮೊಬೈಲಿನಲ್ಲಿ ಅದೇ ಮುಖ ತೋರಿಸಿ, “ಭಾನುವಾರ ಊಟಕ್ಕೆ ಬರ್ತಾರಪ್ಪ, ಒಂದ್ಸಲ ನೋಡು. ನಂಗೆ ಇಷ್ಟ” ಎಂದಿದ್ದಳು.

ರಾಜಕಾರಣ ಎಂದರೆ ಷಡಕ್ಷರಪ್ಪನವರಿಗೆ ಆಗದು. ಅವರ ತಮ್ಮ ಎಲೆಕ್ಷನ್ ಹುಚ್ಚಿಗೆ ಬಿದ್ದವನು ಮನೆಯನ್ನೇ ಮರೆತ. ತಮ್ಮನ ಹೆಂಡತಿ ಕಂಡಕಂಡವರಿಗೆಲ್ಲ ಟೀ ಕಾಯಿಸುತ್ತಲೇ ಮುದುಕಿಯಾದಳು.

“ನಾಳೆ ಆ ಹುಡುಗ ಬರೋದು ಬೇಡ,” ಎಂದರು ಮನೆಗೆ ಬಂದವರೇ. ಯಾಕೆಂದು ಅಕ್ಷರಾ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ.

“ಕರೆದವರನ್ನ ಬರಬೇಡಿ ಅನ್ನೋಕಾಗುತ್ತೇನ್ರೀ?” ಎಂದರು ಅಮ್ಮ ಉಮಾಮಹೇಶ್ವರಿ.

“ಊಟ ಹಾಕಿ ಕಳಿಸು. ಅಷ್ಟೇ.”

ಜ್ಞಾನೇಶನಿಗೆ ಅಕ್ಷರಾ ತನ್ನ ಇಷ್ಟದ ವಿಷಯ ಇನ್ನೂ ಹೇಳಿರಲಿಲ್ಲ. ರಿಹರ್ಸಲ್‌ನಲ್ಲಿ ಅವನು ಹುಬ್ಬೇರಿಸಿ, “ಮೇಡಂ, ಈ ಮಂತ್ರಿನ ಒಂದಿನ ಊಟಕ್ಕೆ ಕೂರ್ಸಿ. ಮೊದಲನೇ ಸೀನಿಂದ ಉಪವಾಸ ಇದಾನೆ” ಎಂದಿದ್ದ. ಆ ಕಣ್ಣು ನೋಡುತ್ತಾ ಅವಳ ಬಾಯಿಂದ, “ಮಂತ್ರಿಗೆ ಬೇಡ, ನಿಮಗೆ ಹಾಕ್ತೀನಿ. ಭಾನುವಾರ ಮನೆಗೆ ಬನ್ನಿ” ಎಂದು ಬಂದುಬಿಟ್ಟಿತ್ತು. ಆಮೇಲೆ ಇಡೀ ರಿಹರ್ಸಲ್ ಅವನು ಡೈಲಾಗ್ ತಪ್ಪುತ್ತಲೇ ಇದ್ದ. ಅವಳೂ ತಿದ್ದಲಿಲ್ಲ.

ಭಾನುವಾರ ಜ್ಞಾನೇಶ್ ಬಂದ. ಅದೇ ಬಿಳಿ ಷರ್ಟು! ಷಡಕ್ಷರಪ್ಪನವರ ಮುಖ ಗಂಟಾಯಿತು.

“ಯಾವಾಗಿಂದ ಈ ರಾಜಕೀಯ?”

ಮೇಡಂ ನಾಟಕದ ವಿಷಯ ಹೇಳಿರಬೇಕು, ಅಪ್ಪ ಪರೀಕ್ಷೆ ಮಾಡುತ್ತಿದ್ದಾರೆ ಎಂದುಕೊಂಡ ಜ್ಞಾನೇಶ್ ಬೆನ್ನು ನೆಟ್ಟಗೆ ಮಾಡಿ ಪಾತ್ರಕ್ಕೆ ಇಳಿದೇಬಿಟ್ಟ. “ಕಾಲೇಜಿಂದಾನೇ ಸಾರ್. ಮೊದ್ಲು ವಾರ್ಡ್ ಮೆಂಬರ್. ಆಮೇಲೆ ಪಕ್ಷ ಬದಲಾಯಿಸ್ದೆ.”

“ಒಂದ್ಸಲಾನಾ?”

“ಮೂರು ಸಲ. ಮಂತ್ರಿ ಆಗ್ಬೇಕಲ್ಲ ಸಾರ್!”

“ಮನೆ ಕಡೆ ನೋಡ್ಕೊಳ್ಳೋರು?”

“ಹೆಂಡ್ತಿ ಇದಾಳೆ,” ಎಂದು ಜ್ಞಾನೇಶ್ ನಿಟ್ಟುಸಿರಿಟ್ಟ. ಆ ನಿಟ್ಟುಸಿರು ಅವನೇ ಕೂಡಿಸಿಕೊಂಡದ್ದು. “ಪಾಪ, ಊಟಕ್ಕೆ ಕಾದು ಕಾದು ಹಾಗೇ ಮಲಗ್ತಾಳೆ.”

ಷಡಕ್ಷರಪ್ಪನವರು ದಡಕ್ಕನೆ ಎದ್ದರು. “ಮನೇಲಿ ಹೆಂಡ್ತಿ ಇಟ್ಕೊಂಡು ನನ್ನ ಮಗಳನ್ನ ನೋಡೋಕೆ ಬಂದ್ಯಾ? ಸಾಲದ್ದಕ್ಕೆ ನಿನ್ನ ಫ್ಲೆಕ್ಸಲ್ಲಿ ಅವಳ ಫೋಟೋ ಬೇರೆ!”

ಅಡುಗೆಮನೆಯ ಬಾಗಿಲಲ್ಲಿ ಸೌಟು ಹಿಡಿದಿದ್ದ ಅಕ್ಷರಾಳಿಗೆ ಎಲ್ಲ ಹೊಳೆಯಿತು. “ಅಪ್ಪಾ, ಅದು ನಾಟಕ! ಮಂದಾರ ಅನ್ನೋ ದೇಶಾನೇ ಇಲ್ಲ, ನಾನು ಬರೆದಿದ್ದು! ಇವ್ರಿಗೆ ಹೆಂಡ್ತೀನೂ ಇಲ್ಲ, ಪಕ್ಷಾನೂ ಇಲ್ಲ!”

ಜ್ಞಾನೇಶನ ಕಿವಿಗೆ ಅದ್ಯಾವುದೂ ಬೀಳಲಿಲ್ಲ. ಅವನು ಅವಳತ್ತ ತಿರುಗಿ ಮೆಲ್ಲಗೆ ಕೇಳಿದ, “ಮಗಳನ್ನ ನೋಡೋಕಾ?”

ಅಕ್ಷರಾ ಕಿವಿತನಕ ಕೆಂಪಾದಳು. ಮೊಬೈಲು ತಂದು ಅಪ್ಪನ ಮುಂದೆ, ಕಟ್ಟಿಸಿದ ದಿನವೇ ತೆಗೆದಿದ್ದ ಫ್ಲೆಕ್ಸ್‌ನ ಫೋಟೋ ಹಿಡಿದಳು. ಅವರು ಕನ್ನಡಕ ಏರಿಸಿ ಕೊನೆಯ ಸಾಲು ಓದಿದರು. ಮತ್ತೊಮ್ಮೆ ಓದಿದರು.

“ಇಲ್ಲಿ ಕಬ್ಬಿನ ಹಾಲಿನ ಗಾಡಿ ಇತ್ತಲ್ಲೇ,” ಎಂದವರೇ ಕುರ್ಚಿಯಲ್ಲಿ ಕುಸಿದು ನಗತೊಡಗಿದರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಿನ್ನೆಯಿಂದ ಎದೆಯ ಮೇಲೆ ಕೂತಿದ್ದ ಭಾರ ಇಳಿದಿತ್ತು.

ಹಿತ್ತಲಲ್ಲಿ ಜ್ಞಾನೇಶನ ಕೈಗೆ ಅವಳೇ ನೀರು ಹಾಕಿದಳು. ತೊಳೆದ ಕೈಯನ್ನೇ ಅವನು ಮತ್ತೆ ಮತ್ತೆ ತೊಳೆಯುತ್ತಿದ್ದ.

“ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ ಮಾರಾಯ್ತಿ? ಒಳ್ಳೇ ಹುಡುಗನ ಥರ ಕೂತ್ಕೋತಿದ್ದೆ.”

“ನೀವು ಇಲ್ಲ ಅಂದ್ರೆ ಅಂತ ಭಯ ಇತ್ತು.”

“ಇಲ್ಲ ಅನ್ನೋನು ಒಂದು ಊಟಕ್ಕೆ ಅಂತ ರಿಹರ್ಸಲ್ ಪೂರ್ತಿ ಡೈಲಾಗ್ ಮರೀತಾನಾ?” ಅವನ ದನಿ ತಗ್ಗಿತು. “ನಂಗೆ ನೀನಂದ್ರೆ ಇಷ್ಟ, ಅಕ್ಷರಾ. ನಾಟಕಕ್ಕೆ ಸೇರಿದ್ದೇ ಅದಕ್ಕೆ.”

ಅವನು ಮೇಡಂ ಅನ್ನದಿದ್ದುದು ಇದೇ ಮೊದಲು. ತಂಬಿಗೆಯ ನೀರು ಅವನ ಪಾದದ ಮೇಲೆ ಸುರಿಯುತ್ತಿದ್ದುದು ಇಬ್ಬರಿಗೂ ತಿಳಿಯಲಿಲ್ಲ.

“ನಂಗೂ ಇಷ್ಟ,” ಎಂದಳು. ಹೇಳಿದ ಮೇಲೆ ಉಸಿರು ಹಗುರವಾಯಿತು.

ಊಟದಲ್ಲಿ ಷಡಕ್ಷರಪ್ಪನವರು ಕಾಯಿ ಹೋಳಿಗೆಯ ಮೇಲೆ ತಾವೇ ತುಪ್ಪ ಬಡಿಸಿದರು. “ನಾಟಕದಲ್ಲಿ ಬೇಕಾದ್ರೆ ಮಂತ್ರಿ ಆಗು. ಊಟದ ಹೊತ್ತಿಗೆ ಮನೇಲಿರ್ಬೇಕು.”

“ಇರ್ತೀನಿ ಸಾರ್.”

“ನಮ್ಮ ಭದ್ರಾವತೀಲೂ ಒಂದು ಫ್ಲೆಕ್ಸ್ ಹಾಕ್ಸಿ,” ಎಂದರು ಅವರು, ತಟ್ಟೆಯಿಂದ ತಲೆ ಎತ್ತದೆ. “ಶುಭ ಕೋರುವವರ ಸಾಲಲ್ಲಿ ನಮ್ಮಿಬ್ಬರ ಫೋಟೋನೂ ಇರ್ಲಿ. ನಂದು, ಇವಳಮ್ಮಂದು.”