ನಾಲ್ಕು ಕೊಕ್ಕೆಯ ಲಂಗರು

"ಇದು ನೇವಿ ಬ್ಯಾಡ್ಜಾ?"

ದೇವರಾಜು ಮೇಷ್ಟ್ರು ಆ ಬಟ್ಟೆಯ ಬ್ಯಾಡ್ಜನ್ನು ಎರಡೇ ಬೆರಳಲ್ಲಿ ಹಿಡಿದು ಕಿಟಕಿಯ ಬೆಳಕಿಗೆ ಎತ್ತಿದರು. ಅಂಗೈಯಗಲದ ನೀಲಿ ಬಟ್ಟೆ. ನಡುವೆ ಬಿಳಿ ದಾರದ ಕಸೂತಿಯಲ್ಲಿ ಒಂದು ಲಂಗರು. ಅದರ ಕೆಳಗೆ ಇಂಗ್ಲಿಷ್ ಅಕ್ಷರಗಳು: ಬಿ, ಯು, ಡಿ, ಎಲ್, ಎ.

"ಹೌದು ಸಾರ್. ನಮ್ ತಾತಂದು. ಎಪ್ಪತ್ತೊಂದರ ಯುದ್ಧದಲ್ಲಿ ಹಾಕ್ಕೊಂಡಿದ್ರು," ಎಂದಳು ಹೇಮಶ್ರೀ.

ಮೇಷ್ಟ್ರ ಹತ್ತಿರ ಒಂದು ಚಾರ್ಟ್ ಇತ್ತು. ಭೂಸೇನೆ, ನೌಕಾಪಡೆ, ವಾಯುಪಡೆ ಮೂರರ ಬ್ಯಾಡ್ಜುಗಳೂ ಅದರಲ್ಲಿದ್ದವು. ಮೈಸೂರಿನ ಅಂಗಡಿಯಿಂದ ತಂದ ಚಾರ್ಟು. ಅದರಲ್ಲಿ ಇಲ್ಲದ್ದು ಪ್ರಪಂಚದಲ್ಲೂ ಇಲ್ಲ ಎಂಬುದು ಮೇಷ್ಟ್ರ ನಂಬಿಕೆ.

"ನೋಡಮ್ಮಾ, ಲಂಗರಿಗೆ ಕೊಕ್ಕೆ ಎರಡು. ಇದಕ್ಕೆ ನಾಲ್ಕಿದಾವೆ. ಇನ್ನು ಈ ಬರಹ. ಬದ್ಲಾ ಅಂದ್ರೆ ಹಿಂದೀಲಿ ಸೇಡು. ಅದಕ್ಕೆ ಬಿ ಆದ್ಮೇಲೆ ಎ ಬರಬೇಕು. ನೇವಿಯವರಿಗೆ ಸ್ಪೆಲಿಂಗ್ ಬರಲ್ವಾ?" ಮೇಷ್ಟ್ರು ನಕ್ಕರು. "ನಿಮ್ ತಾತ ಇದನ್ನ ಯಾವ ಸಂತೇಲಿ ತಗೊಂಡ್ರು?"

"ಸಂತೆ ನೇವಿ," ಎಂದ ಹಿಂದಿನ ಬೆಂಚಿನ ಚಲುವರಾಜು. ಗಣಿತದ ಪೀರಿಯಡ್ಡಿನಲ್ಲಿ ಅವನು ಒಂದು ದಿನವೂ ಇಷ್ಟು ಚುರುಕಾಗಿ ಬಾಯಿ ಬಿಟ್ಟವನಲ್ಲ. ಕ್ಲಾಸಿಗೆ ಕ್ಲಾಸೇ ನಕ್ಕಿತು.

ಸ್ವಾತಂತ್ರ್ಯ ಬಂದು ಐವತ್ತು ವರ್ಷ ತುಂಬಿತ್ತು. ಆಗಸ್ಟ್ ಹದಿನೈದಕ್ಕೆ ಪಾಂಡವಪುರದ ಆ ಶಾಲೆಯಲ್ಲಿ ದೊಡ್ಡ ಎಕ್ಸಿಬಿಷನ್. ಪ್ರಮೀಳಾ ಥರ್ಮೋಕೋಲಿನ ಕ್ಷಿಪಣಿ ತಂದಿದ್ದಳು. ಬಸ್ಸಿನಲ್ಲಿ ಅದರ ಮೂಗು ಮುರಿದು, ಈಗ ಬ್ಯಾಂಡೇಜು ಕಟ್ಟಿಕೊಂಡು ಶತ್ರುವನ್ನು ಹೆದರಿಸುತ್ತಿತ್ತು. ಚಲುವರಾಜು ತಂದದ್ದು ಒಂದು ಹಿತ್ತಾಳೆ ಚೊಂಬು. ಸ್ವಾತಂತ್ರ್ಯ ಹೋರಾಟಗಾರರೊಬ್ಬರು ಅದರಲ್ಲಿ ನೀರು ಕುಡಿದಿದ್ದರಂತೆ. ಯಾವ ಹೋರಾಟಗಾರರು, ಎಷ್ಟು ಬಾಯಾರಿಕೆ ಆಗಿತ್ತು ಎಂದು ಯಾರೂ ಕೇಳಲಿಲ್ಲ. ಸಾಕ್ಷಿ ಬೇಕಾಗಿದ್ದು ಹೇಮಶ್ರೀಯ ಬ್ಯಾಡ್ಜಿಗೆ ಮಾತ್ರ.

"ಸೋಮವಾರದೊಳಗೆ ಪ್ರೂಫ್ ತಾ. ಇಲ್ದಿದ್ರೆ ಟೇಬಲ್ ಮೇಲೆ ಇಡಲ್ಲ," ಎಂದು ಮೇಷ್ಟ್ರು ಬ್ಯಾಡ್ಜನ್ನು ವಾಪಸು ಕೊಟ್ಟರು.

ಅವತ್ತು ಶನಿವಾರ.

ಪ್ರೂಫ್ ಮನೆಯಲ್ಲೇ ಇತ್ತು. ಜಗಲಿಯ ಮೇಲೆ ಕೂತು ಹುರುಳಿಕಾಯಿ ಬಿಡಿಸುತ್ತಿತ್ತು. ತಾತ ತಮ್ಮಯ್ಯನವರು ಹಡಗಿನಲ್ಲಿ ಎಷ್ಟೋ ವರ್ಷ ಕೆಲಸ ಮಾಡಿದವರು. ಆದರೆ ಅವರ ಬಾಯಿಂದ ಮಾತು ಹೊರಡಿಸುವುದಕ್ಕಿಂತ ಹುಣಿಸೇಮರದಲ್ಲಿ ಮಾವಿನಹಣ್ಣು ಕೀಳುವುದು ಸುಲಭ.

"ತಾತಾ, ಈ ಬ್ಯಾಡ್ಜ್ ನಿಮಗೆ ಯಾರು ಕೊಟ್ರು?"

"ಬುಡವ್ವ."

"ಇದರಲ್ಲಿ ಏನು ಬರೆದೈತೆ?"

"ಬುಡು ಅತ್ಲಾಗೆ."

"ಮೇಷ್ಟ್ರು ಇದು ಡೂಪ್ಲಿಕೇಟು ಅಂದ್ರು ತಾತಾ."

"ಬುಡು ಅಂದ್ನಲ್ಲ ಮಗಾ."

ತಾತನ ಬತ್ತಳಿಕೆಯಲ್ಲಿ ಇದ್ದದ್ದು ಅದೊಂದೇ ಬಾಣ. ಹಸು ಒದ್ದು ಹಾಲು ಚೆಲ್ಲಿದರೂ ಬುಡು, ದೆಹಲಿಯಲ್ಲಿ ಸರ್ಕಾರ ಬಿದ್ದರೂ ಬುಡು.

ತಾತ ಸಮುದ್ರದ ಕತೆ ಹೇಳಿದ್ದನ್ನು ಹೇಮಶ್ರೀ ಕೇಳಿಯೇ ಇರಲಿಲ್ಲ. ತೊಣ್ಣೂರು ಕೆರೆಗೆ ಕರೆದುಕೊಂಡು ಹೋದರೆ ಎಲ್ಲರೂ ನೀರಿಗೆ ಬೀಳುತ್ತಾರೆ. ತಾತ ದಡದಲ್ಲಿ ಕೂತು ಕಡಲೆಕಾಯಿ ತಿನ್ನುತ್ತಾರೆ. ಕೆರೆಗೇ ಇಳಿಯದವರು ಕಡಲಿಗೆ ಹೋಗಿದ್ದರೇ? ತಾತ ಸುಳ್ಳು ಹೇಳಿದ್ದರೆ ಏನು ಗತಿ? ಹಾಗೆ ಯೋಚಿಸಿದ್ದಕ್ಕೆ ಅವಳಿಗೇ ನಾಚಿಕೆಯಾಯಿತು. ಕೊಟ್ಟಿಗೆಯ ಹಿಂದೆ ಹೋಗಿ ಸ್ವಲ್ಪ ಅತ್ತಳು.

ಅಜ್ಜಿ ಪುಟ್ಟಗೌರಮ್ಮ ಹುಲ್ಲು ತರಲು ಬಂದವಳು ನೋಡಿದಳು. ಅಜ್ಜಿಗೆ ಹಕಾರ ಎಂದೂ ಒಗ್ಗಿದ್ದಿಲ್ಲ.

"ಯಾಕವ್ವ ಏಮಾ, ಯಾರು ಸತ್ರು ಅಂತ ಅಳ್ತಿದ್ದೀಯಾ?"

ಹೇಮಶ್ರೀ ಎಲ್ಲವನ್ನೂ ಹೇಳಿದಳು.

"ಅಷ್ಟೇಯಾ? ಅದ ಒಲ್ದೋನು ಪಟ್ನದಲ್ಲೇ ಅವ್ನೆ. ವಜೀರ್ ಪಾಷಾ ಅಂತ. ನಾಳೀಕೆ ಓಗಿ ಕೇಳುವ ಬಾ."

ಪಟ್ನ ಎಂದರೆ ಶ್ರೀರಂಗಪಟ್ಟಣ. ಬೊಂಬಾಯಿಯಲ್ಲ, ಕೊಚ್ಚಿಯಲ್ಲ, ಇಲ್ಲೇ ಪಕ್ಕದ ಊರಿನ ಟೈಲರು ಹೊಲಿದದ್ದು. ಹಾಗಾದರೆ ಮೇಷ್ಟ್ರ ಮಾತೇ ನಿಜ, ಚಲುವರಾಜು ಗೆದ್ದ ಹಾಗೇ.

ಭಾನುವಾರ ಬಸ್ಸಿಳಿದು ಇಬ್ಬರೂ ಒಂದು ಓಣಿಗೆ ನುಗ್ಗಿದರು. ಅಂಗಡಿಯ ಬೋರ್ಡಿನಲ್ಲಿ ಲಂಡನ್ ಎಂದು ಬರೆದಿತ್ತು. ಒಳಗೆ ಕೂತಿದ್ದ ವಜೀರ್ ಪಾಷಾ ಪಕ್ಕದ ಬಾಬುರಾಯನಕೊಪ್ಪಲು ದಾಟಿ ಆಚೆ ಹೋಗಿದ್ದೇ ಕಮ್ಮಿ. ಮೂಗಿನ ತುದಿಯಲ್ಲಿ ಕನ್ನಡಕ, ಕೊರಳಲ್ಲಿ ಟೇಪು. ಬ್ಯಾಡ್ಜನ್ನು ತಿರುಗಿಸಿ ಹಿಂಬದಿಯ ಹೊಲಿಗೆ ನೋಡಿದವರೇ ಬೀಗಿದರು.

"ಅರೆ, ಇದು ನಂದೇ ಕೈ. ಹಿಂದ್ಗಡೆ ಒಂದು ಗಂಟು ಕಾಣ್ತದಾ ನೋಡು ಬೇಟಿ. ಈ ಪಟ್ಣದಲ್ಲಿ ಇಂಥ ಕಸೂತಿ ಹಾಕೋನು ಇನ್ನೊಬ್ಬ ಇದ್ರೆ ತೋರ್ಸು, ನಾನು ಅಂಗಡಿ ಬಾಗಿಲು ಹಾಕ್ತೀನಿ."

"ಹಾಗಾದ್ರೆ ಇದು ನೇವಿ ಬ್ಯಾಡ್ಜು ಅಲ್ವಾ ತಾತಾ?" ಹೇಮಶ್ರೀಯ ದನಿ ಸಣ್ಣದಾಗಿತ್ತು.

"ನೇವಿದು ಅಲ್ಲ ಬೇಟಿ. ನೇವಿಯವರದು."

ಅವಳು ಕಣ್ಣು ಬಿಟ್ಟು ನೋಡಿದಳು. ಪಾಷಾ ಮಿಷನ್ನಿನಿಂದ ಕಾಲು ತೆಗೆದು ಈ ಕಡೆ ತಿರುಗಿ ಕೂತರು.

"ಸರ್ಕಾರ ಕೊಡೋ ಬ್ಯಾಡ್ಜ್ ಬೇರೆ. ಇದು ಹಡಗಿನ ಹುಡುಗ್ರು ತಾವೇ ಮಾಡಿಸ್ಕೊಂಡಿದ್ದು. ಯುದ್ಧಕ್ಕೆ ಮುಂಚೆ ರಜಾದಲ್ಲಿ ನಿಮ್ ತಾತ ಬಂದ್ರು, ಜೊತೇಲಿ ನಾಗಮಂಗಲದ ನಂಜಪ್ಪ. ಹಡಗಿನ ಹಗ್ಗ ಕಟ್ಟೋದು ಬಿಡೋದು ಇವ್ರಿಬ್ರ ಕೆಲ್ಸ. ಆಫೀಸರು ಇಂಗ್ಲಿಷ್‌ನಲ್ಲಿ ಲೆಟ್ ಗೋ ಅಂತಿದ್ರಂತೆ. ಇವ್ರು ಒಬ್ರಿಗೊಬ್ರು ಏನ್ ಕೂಗ್ತಿದ್ರು ಗೊತ್ತಾ? ಬುಡ್ಲಾ ಅಂತ."

"ಬುಡ್ಲಾ?"

"ಹಾಂ. ಕೇಳಿ ಕೇಳಿ ಪಂಜಾಬಿನವನು, ಬಂಗಾಲದವನು, ಎಲ್ರೂ ಬುಡ್ಲಾ ಬುಡ್ಲಾ. ಅವ್ರ ಗುಂಪಿಗೇ ಅದು ಹೆಸರಾಗೋಯ್ತು. ಶರ್ಟಿನ ಒಳಮಗ್ಗುಲಿಗೆ ಹೊಲ್ಕೊಂಡಿದ್ರು. ಆಫೀಸರು ಕಂಡ್ರೆ ಬಿಚ್ಚಿಸ್ತಾರಲ್ಲ, ಅದಕ್ಕೆ."

ಬಿ, ಯು, ಡಿ, ಎಲ್, ಎ. ಹೇಮಶ್ರೀ ಇನ್ನೊಮ್ಮೆ ಓದಿದಳು. ಬೀದಿಬೀದಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕಿವಿಗೆ ಬೀಳುವ ಮಾತು. ಇಂಗ್ಲಿಷ್ ಅಕ್ಷರ ತೊಟ್ಟುಕೊಂಡು ಬಂದದ್ದೇ ತಡ, ಇಡೀ ಶಾಲೆಗೆ ಗುರುತು ಸಿಗಲಿಲ್ಲ.

"ಲಂಗರಿಗೆ ನಾಲ್ಕು ಕೊಕ್ಕೆ ಯಾಕೆ?"

ಪಾಷಾ ಕನ್ನಡಕ ಸರಿಮಾಡಿಕೊಂಡರು. "ಲಂಗರು ನಾನೆಲ್ಲಿ ನೋಡಿದ್ದೆ? ನಿಮ್ ತಾತ ಏನಂದ್ರು, ಹಗ್ಗಕ್ಕೆ ಕಟ್ಟಿ ನೀರಿಗೆ ಬಿಡ್ತಾರೆ, ಪಾತಾಳಗರಡಿ ಥರ ಇರ್ತದೆ ಅಂದ್ರು. ಪಕ್ಕದ ಮನೆ ಬಾವಿದು ಪಾತಾಳಗರಡಿ ಇಸ್ಕೊಂಡು ಬಂದೆ, ಮುಂದಿಟ್ಕೊಂಡು ಹಂಗೇ ಹೊಲ್ದೆ. ತಪ್ಪೇನು?"

ಹೇಮಶ್ರೀಗೆ ನಗು ತಡೆಯಲಾಗಲಿಲ್ಲ. ಬಾವಿಗೆ ಬಿದ್ದ ಬಿಂದಿಗೆ ಎತ್ತುವ ಪಾತಾಳಗರಡಿ ಅವರ ಅಟ್ಟದಲ್ಲೂ ಒಂದಿತ್ತು. ಅದು ಸಮುದ್ರ ಸುತ್ತಿ ಬಂದಿದೆ ಎಂದು ಯಾರಿಗೆ ಗೊತ್ತು?

"ನಿಮ್ ತಾತ ಬೈದ್ರು," ಪಾಷಾ ಮುಂದುವರಿಸಿದರು. "ಆ ನಂಜಪ್ಪ ಒಳ್ಳೇ ಮನುಷ್ಯ. ಇರ್ಲಿ ಬುಡ್ಲಾ ಅಂದ. ಲಂಗರು ಬರೀ ಮುಳುಗ್ತದೆ, ಇದಾದ್ರೆ ಮುಳುಗಿದ್ದನ್ನ ಮೇಲಕ್ಕೆತ್ತುತ್ತದೆ, ನಮಗೆ ಇದೇ ಸರಿ ಅಂದ."

ಆಮೇಲೆ ಅವರು ಎದ್ದು, ತಾವು ಕೂತಿದ್ದ ಸ್ಟೂಲಿನ ದಿಂಬನ್ನು ತಿರುವಿದರು. ಹರಿದ ಕಡೆ ತೇಪೆ ಹಾಕಿದ್ದರು. ನೀಲಿ ಬಟ್ಟೆ, ನಾಲ್ಕು ಕೊಕ್ಕೆ. ಅಕ್ಷರ ಮಾತ್ರ ಹಿಂದುಮುಂದಾಗಿ ಬುಲ್ಡಾ ಎಂದಾಗಿತ್ತು.

"ಇದೊಂದು ಕೆಟ್ಟೋಯ್ತು. ಬಿಸಾಕೋಕೆ ಮನಸ್ಸು ಬರ್ಲಿಲ್ಲ. ಅವತ್ತಿಂದ ನೇವಿ ಮೇಲೇ ಕೂತ್ಕೊಂಡು ಹೊಲೀತಾ ಇದೀನಿ." ಕತ್ತರಿಯಿಂದ ಹೊಲಿಗೆ ಬಿಚ್ಚಿ ಆ ತೇಪೆಯನ್ನು ಅವಳ ಕೈಗಿಟ್ಟರು. "ನಿಮ್ ಮೇಷ್ಟ್ರಿಗೆ ತೋರ್ಸು, ಹಡಗಿನ ಗುಂಪಿಗೆಲ್ಲ ಒಂದೇ ಥರ ಹೊಲ್ದಿದ್ದು ಅಂತ ಹೇಳು. ಗೌರಕ್ಕಾ, ನಂಜಪ್ಪ ಹೆಂಗವ್ನೆ? ಆಮೇಲೆ ಈ ಕಡೆ ಬರ್ಲೇ ಇಲ್ಲ."

ಅಜ್ಜಿ ಸೆರಗು ಎಳೆದುಕೊಂಡಳು. "ಎಲ್ಲಿ ಬಂದಾನು ಪಾಷಣ್ಣ. ಆ ಯುದ್ಧದಲ್ಲೇ ಓದ."

ಪಾಷಾ ದಿಂಬನ್ನು ಸ್ಟೂಲಿನ ಮೇಲೆ ಇಟ್ಟರು, ಆದರೆ ಕೂರಲಿಲ್ಲ.

ವಾಪಸು ಬಸ್ಸಿನಲ್ಲಿ ಹೇಮಶ್ರೀ ಬಿಡಲಿಲ್ಲ, ಕೇಳಿದಳು. ಅಜ್ಜಿ ಕಿಟಕಿಯಾಚೆ ಕಬ್ಬಿನ ಗದ್ದೆ ನೋಡುತ್ತಾ ಹೇಳಿದಳು.

"ಯುದ್ಧ ಸುರುವಾಗೋ ಒತ್ಗೆ ನಂಜಪ್ಪನ್ನ ಬ್ಯಾರೆ ಅಡಗಿಗೆ ಆಕುದ್ರು. ಎಲ್ಡು ಅಡಗೂ ಒತ್ತಿಗೆ ನಿಂತಿದ್ವಂತೆ, ಒಂದುಕ್ಕೊಂದು ಅಗ್ಗ ಕಟ್ಕಂಡು. ಅವ್ನ ಅಡಗು ಒಂಟಾಗ ಈ ಕಡೆ ಅಗ್ಗ ಇಡ್ಕಂಡು ನಿಂತಿದ್ದೋರು ನಿಮ್ ತಾತ. ಆ ಕಡೆಯಿಂದ ಅವ್ನು ನಗ್ತಾ ಬುಡ್ಲಾ ಅಂತ ಕೂಗಿದ್ನಂತೆ. ಇವ್ರು ಬುಟ್ರು. ಆ ಅಡಗು ತಿರ್ಗಾ ಬರ್ನಿಲ್ಲ."

ಹೇಮಶ್ರೀ ಬ್ಯಾಡ್ಜನ್ನು ಮಡಿಲಲ್ಲಿ ಮುಚ್ಚಿಕೊಂಡು ಕೂತಳು.

ಸಂಜೆ ತಾತ ಹಸುವಿಗೆ ನೀರಿಡುತ್ತಾ ಕೇಳಿದರು. "ಪಾಷಾ ಏನಂದ?"

"ಅದು ಪಾತಾಳಗರಡಿ ಅಂತೆ."

ತಾತ ನಕ್ಕರು. ಅವರು ಬಾಯಿ ತುಂಬ ನಕ್ಕದ್ದು ಅಪರೂಪ. ಅವಳಿಗೆ ಇನ್ನೂ ಕೇಳುವುದಿತ್ತು, ಕೇಳಲಿಲ್ಲ. ಬೀದಿಯಲ್ಲಿ ಬುಗುರಿ ಆಡುವ ಹುಡುಗರು ಬುಡ್ಲಾ ಬುಡ್ಲಾ ಎಂದು ಅರಚುತ್ತಿದ್ದರು. ಆಗ ಅವಳಿಗೆ ಹೊಳೆಯಿತು. ತಾತ ಅವಳಿಗೆ ಬುಡವ್ವ ಅನ್ನುತ್ತಾರೆ, ಅಜ್ಜಿಗೆ ಬುಡೇ ಅನ್ನುತ್ತಾರೆ, ಊರಿಗೆಲ್ಲ ಬುಡು ಅನ್ನುತ್ತಾರೆ. ಯಾರಿಗೂ ಒಂದು ಸಲವೂ ಬುಡ್ಲಾ ಅಂದದ್ದಿಲ್ಲ.

ಸೋಮವಾರ ದೇವರಾಜು ಮೇಷ್ಟ್ರು ಬುಲ್ಡಾ ತೇಪೆಯನ್ನು ನೋಡಿ ತಲೆದೂಗಿದರು. ಬಟ್ಟೆ ಹಳೆಯದು, ಹೊಲಿಗೆ ಒಂದೇ. ಪ್ರೂಫ್ ಪಾಸಾಯಿತು. ಆದರೆ ಅರ್ಥ ಕೇಳಿದ ಕೂಡಲೇ ಮುಖ ಹುಳ್ಳಗಾಯಿತು.

"ಬುಡ್ಲಾ? ಛೆ ಛೆ. ತಾಲ್ಲೂಕಿನ ಸಾಹೇಬ್ರು ಬರ್ತಾರೆ, ಅಂಥಾ ಭಾಷೆ ಹಾಕೋಕಾಗುತ್ತಾ? ಬದ್ಲಾ ಅಂತಲೇ ಇರ್ಲಿ. ಅದಕ್ಕೊಂದು ಗತ್ತಿದೆ."

ತಾವೇ ಒಂದು ರಟ್ಟಿನ ಮೇಲೆ ದುಂಡಗೆ ಬರೆದರು: ‘ಬದ್ಲಾ. ಶತ್ರುವಿನ ಮೇಲೆ ಸೇಡು. ನೌಕಾಪಡೆಯ ರಹಸ್ಯ ದಳದ ಲಾಂಛನ.’

ಶನಿವಾರ ಸಂತೆಯದಾಗಿದ್ದ ಬ್ಯಾಡ್ಜು ಸೋಮವಾರ ರಹಸ್ಯ ದಳದ್ದಾಯಿತು. ಸ್ಪೆಲಿಂಗ್ ತಪ್ಪನ್ನು ಮೇಷ್ಟ್ರು ದೊಡ್ಡ ಮನಸ್ಸು ಮಾಡಿ ಮರೆತರು. ಚಲುವರಾಜು ಬಂದು, "ನಿಮ್ ತಾತ ಸೀಕ್ರೆಟ್ ಏಜೆಂಟಾ?" ಎಂದು ಕೇಳಿ ಒಂದು ಕಂಬರಕಟ್ಟು ಮಿಠಾಯಿ ಕೊಟ್ಟ. ಅದು ಸಿಹಿಯಾಗಿಯೇ ಇತ್ತು. ಹೇಮಶ್ರೀ ಹೌದು ಅನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ.

ಹದಿನೈದನೇ ತಾರೀಖು ತಾತ ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು ಬಂದರು. ಕ್ಷಿಪಣಿ ನೋಡಿದರು, ಚೊಂಬು ನೋಡಿದರು. ಬ್ಯಾಡ್ಜಿನ ಮುಂದೆ ನಿಂತು ರಟ್ಟಿನ ಮೇಲಿನ ಬರಹವನ್ನು ನಿಧಾನವಾಗಿ ಓದಿದರು. ಸೇಡು ಎಂಬಲ್ಲಿ ಅವರ ಕಣ್ಣು ನಿಂತಿತು. ಬುಡು ಅನ್ನುತ್ತಾರೆ ಎಂದು ಹೇಮಶ್ರೀ ಕಾದಳು. ಅವರು ಅದನ್ನೂ ಅನ್ನಲಿಲ್ಲ.

ಅವಳಿಗೆ ತಡೆಯಲಾಗಲಿಲ್ಲ. ಮೇಷ್ಟ್ರು ಸಾಹೇಬರಿಗೆ ಹಾರ ಹಾಕುವುದರಲ್ಲಿ ಮುಳುಗಿದ್ದರು. ಅವಳು ರಟ್ಟನ್ನು ಮಗುಚಿ, ಹಿಂಬದಿಗೆ ಸ್ಕೆಚ್ ಪೆನ್ನಿನಲ್ಲಿ ಒಂದೇ ಮಾತು ಬರೆದು ಇಟ್ಟಳು. ಬುಡ್ಲಾ.

ಚಲುವರಾಜು ಇಣುಕಿ ನೋಡಿದ. "ಇಷ್ಟೇನಾ? ಸೀಕ್ರೆಟ್ ಏನೂ ಇಲ್ವಾ?"

"ಇಲ್ಲ."

"ಯಾರು ಯಾರಿಗೆ ಅಂದಿದ್ದು?"

"ತಾತನಿಗೆ ಅವರ ಫ್ರೆಂಡು ಅಂದಿದ್ದು."

"ಏನ ಬುಡು ಅಂತ?"

"ಹಗ್ಗವ."

"ಬುಟ್ರಾ?"

ಹೇಮಶ್ರೀ ತಾತನ ಕಡೆ ನೋಡಿದಳು. ಅವರು ಬಗ್ಗಿ ಅವಳ ಅಕ್ಷರ ಓದುತ್ತಿದ್ದರು. ತುಟಿ ಒಂದು ಸಲ ಅಲುಗಿತು. ದನಿ ಹೊರಗೆ ಬರಲಿಲ್ಲ.

"ಹಗ್ಗ ಬುಟ್ರು," ಎಂದಳು.

ತಾತ ಬ್ಯಾಡ್ಜಿನ ಅಂಚನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ಇನ್ನೂ ಅಲ್ಲೇ ನಿಂತಿದ್ದರು. ಹಿಂದೆ ಸಾಲಿನಲ್ಲಿದ್ದವರು ಮುಂದೆ ಹೋಗಿ ಎಂದು ಗೊಣಗಿದರು. ಹೇಮಶ್ರೀ ಅವರಿಗೆಲ್ಲ ಕ್ಷಿಪಣಿಯ ಕಡೆ ದಾರಿ ತೋರಿಸಿ, ತಾತನ ಪಕ್ಕ ಬಂದು ನಿಂತಳು.