ಕೊಳಕು ಪೆಡಲ್ ಮತ್ತು ಗುಮ್ಮ

"ಥೂ! ಇದರೊಳಗೆ ಜಿರಳೆ ಇದೆ!"

ಅವಳು ಕೈಯಲ್ಲಿದ್ದ ಗಿಟಾರ್ ಪೆಡಲಿನ ಪೆಟ್ಟಿಗೆಯನ್ನು ವಾದ್ಯಗಳ ಅಂಗಡಿಯ ಕೌಂಟರಿನ ಮೇಲೆ ಧೊಪ್ಪೆಂದು ಬಿಟ್ಟು ಎರಡು ಹೆಜ್ಜೆ ಹಿಂದೆ ಹಾರಿದಳು. ಬ್ಯಾಟರಿಯ ಮುಚ್ಚಳ ಕಳಚಿಕೊಂಡಿತು. ಒಣಗಿ ಕಡ್ಡಿಯಾಗಿದ್ದ ಜಿರಳೆಯೊಂದು ಕಾಲು ಮೇಲೆ ಮಾಡಿಕೊಂಡು ಹೊರಗೆ ಉದುರಿತು.

"ಸತ್ತಿದೆ ಬಿಡಿ," ಎಂದಿತು ಕೌಂಟರಿನ ಕೆಳಗಿನಿಂದ ಒಂದು ಗಂಡು ದನಿ.

ಆಮೇಲೆ ಒಂದು ಕೈ ಮೇಲೆ ಬಂತು. ಜಿರಳೆಯ ಮೀಸೆ ಹಿಡಿದೆತ್ತಿ ಕಸದ ಬುಟ್ಟಿಗೆ ಹಾಕಿತು. ಅದೇ ಕೈ, ಹೌದು, ತೊಳೆಯದ ಅದೇ ಕೈ, ಪಕ್ಕದಲ್ಲಿದ್ದ ಅರ್ಧ ತಿಂದ ಬನ್ನನ್ನು ಎತ್ತಿಕೊಂಡಿತು!

ಅವಳು ಮುಖ ತಿರುಗಿಸಿದಳು.

ಇವಳೇನು ಮುಟ್ಟಿದರೆ ಮುರುಟುವ ಹುಡುಗಿ ಅಂದುಕೊಳ್ಳಬೇಡಿ. ಹಗಲೆಲ್ಲ ದಂತವೈದ್ಯರ ಕ್ಲಿನಿಕ್ಕಿನಲ್ಲಿ ಸಹಾಯಕಿ. ಹುಳುಕು ಹಲ್ಲು, ಕೀವು, ರಕ್ತ ಎಲ್ಲ ನೋಡಿಯೇ ಮಧ್ಯಾಹ್ನ ಹೊಟ್ಟೆ ತುಂಬಾ ಉಣ್ಣುವವಳು. ಆದರೆ ಕ್ಲಿನಿಕ್ಕಿನ ಕೊಳಕಿಗೆ ಕೈಗವಸು ಇರುತ್ತದೆ. ಈ ಅಂಗಡಿಯ ಕೊಳಕಿಗೆ ಏನಿದೆ?

ಕೆಳಗಿದ್ದವನು ಎದ್ದು ನಿಂತ. ಮೋಟು ಗಡ್ಡ, ಎದೆಯ ಮೇಲೆ ಎಣ್ಣೆ ಕಲೆಯ ಅಂಗಿ, ಕೊರಳಲ್ಲಿ ಹೆಡ್‌ಫೋನು.

ಅವಳು ಮತ್ತೊಂದು ಹೆಜ್ಜೆ ಹಿಂದೆ ಸರಿದಳು.

'ಅಯ್ಯೋ... ಇವನಾ? ಗುಮ್ಮ!'

ಪ್ರತಿ ಭಾನುವಾರ ಸಂಜೆ ಕ್ಲಬ್ಬಿನ ಹಾಲಿನಲ್ಲಿ ಇವಳ ಬ್ಯಾಂಡ್ ನುಡಿಸುವಾಗ, ಕೊನೆಯ ಸಾಲಿನ ಹಿಂದೆ ಕತ್ತಲಲ್ಲಿ, ಎಲ್ಲರ ಶಬ್ದ ಏರಿಸಿ ಇಳಿಸುವ ಮಿಕ್ಸರ್ ಮುಂದೆ ಕೂರುವ ಸೌಂಡ್ ಆಪರೇಟರ್ ಇವನು. ಒಂದು ವರ್ಷದಿಂದ ಕೂರುತ್ತಿದ್ದಾನೆ. ಹತ್ತು ಮಾತು ಆಡಿದ್ದನ್ನು ಯಾರೂ ಕೇಳಿಲ್ಲ. ಅದಕ್ಕೇ ಬ್ಯಾಂಡಿನವರು ಇಟ್ಟ ಹೆಸರು ಗುಮ್ಮ. ಇವಳಿಗೂ ಒಂದು ಹೆಸರಿಟ್ಟಿದ್ದಾರೆ, ಸಿಡುಕಿ ಅಂತ. ಅದರಲ್ಲಿ ಸುಳ್ಳೇನೂ ಇಲ್ಲ ಬಿಡಿ.

"ನೀವಾ!" ಅವಳು ಅವನತ್ತ ಬೆರಳು ಚಾಚಿದಳು. "ನನ್ನ ಗಿಟಾರಿನ ಕತ್ತು ಹಿಸುಕಿದವರು!"

ಅವನು ಬನ್ನು ಅಗಿಯುವುದನ್ನು ನಿಲ್ಲಿಸಿದ.

ಹೋದ ಭಾನುವಾರದ ಮಾತು. ಅವಳ ಅಮ್ಮ ಮೊಟ್ಟಮೊದಲ ಸಲ ಮಗಳ ಕಾರ್ಯಕ್ರಮಕ್ಕೆ ಬಂದಿದ್ದರು. ಮುಂದಿನ ಸಾಲಿನಲ್ಲೇ ಕೂತಿದ್ದರು. ಆರು ತಿಂಗಳು ಬೆರಳು ಸವೆಸಿ ಕಲಿತ ಸೋಲೋ ಬಂತು. ಅವಳು ಕಣ್ಣು ಮುಚ್ಚಿ ಜೀವ ಸುರಿದು ನುಡಿಸಿದಳು. ಆದರೆ ಹಾಲ್‌ನಲ್ಲಿ ಕೂತವರಿಗೆ ಒಂದು ಸ್ವರವೂ ಕೇಳಲಿಲ್ಲ! ಮಿಕ್ಸರ್‌ನಲ್ಲಿ ಯಾರೋ ಅವಳ ಶಬ್ದವನ್ನು ಪೂರ್ತಿ ಇಳಿಸಿಬಿಟ್ಟಿದ್ದರು.

ಮನೆಗೆ ಹೋಗುವಾಗ ಅಮ್ಮ ಮೆತ್ತಗೆ ಕೇಳಿದ್ದರು, "ನೀನು ನುಡಿಸಲೇ ಇಲ್ವಲ್ಲೇ ಮಗಳೇ? ಸುಮ್ನೆ ಕೈ ಆಡಿಸ್ತಾ ಇದ್ದೆ..."

ಅವತ್ತು ಅವಳಿಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತ್ತು.

ಸಾಲದ್ದಕ್ಕೆ ಅದೇ ದಿನ ಯಾರೋ ಸೋಡಾ ಚೆಲ್ಲಿ ಅವಳ ಹಳೆಯ ಎಫೆಕ್ಟ್ಸ್ ಪೆಡಲ್, ಅಂದರೆ ಕಾಲಲ್ಲಿ ತುಳಿದು ಗಿಟಾರಿನ ಸದ್ದು ಬದಲಿಸುವ ಪೆಟ್ಟಿಗೆ, ಸತ್ತುಹೋಯಿತು. ಡ್ರಮ್ಸ್ ಬಾರಿಸುವವನೇ ಬ್ಯಾಂಡಿನ ಯಜಮಾನ. ಎಲ್ಲರೂ ಅವನನ್ನು ಕ್ಯಾಪ್ಟನ್ ಅನ್ನುತ್ತಾರೆ. ಅವನು ಕಡ್ಡಿ ಮುರಿದಂತೆ ಹೇಳಿದ್ದ. "ನಿನ್ನ ಶಬ್ದ ಇಳಿಸಿದ್ದು ಗುಮ್ಮ, ನನ್ನನ್ನೇನೂ ಕೇಳ್ಬೇಡ. ಬರೋ ಭಾನುವಾರದೊಳಗೆ ಒಳ್ಳೇ ಮೆಷಿನ್ ತಂದು ಸರಿಯಾಗಿ ನುಡಿಸು. ಇಲ್ಲಾಂದ್ರೆ ನಿನ್ನ ಜಾಗಕ್ಕೆ ನನ್ನ ಭಾವಮೈದ ಬರ್ತಾನೆ."

ಭಾನುವಾರಕ್ಕೆ ಉಳಿದಿದ್ದು ಮೂರೇ ದಿನ.

"ಬೇರೆ ಏನಿದೆ ತೋರ್ಸಿ," ಅವಳು ಮುಖ ಸಿಂಡರಿಸಿಕೊಂಡೇ ಕೇಳಿದಳು. ಬೇರೆ ಅಂಗಡಿ ಇದ್ದಿದ್ದರೆ ಇವನ ಮುಖ ಯಾರು ನೋಡುತ್ತಿದ್ದರು!

ಅವನು ಇನ್ನೆರಡು ಪೆಟ್ಟಿಗೆ ತಂದಿಟ್ಟ. ಒಂದು ದೊಡ್ಡದು. ಮುಟ್ಟಿದರೆ ಬೆಳಗುವ ಪರದೆ. ಬೆಲೆಯ ಚೀಟಿ ನೋಡಿ ಅವಳೇ ಅದನ್ನು ಪಕ್ಕಕ್ಕೆ ಸರಿಸಿದಳು. ಇನ್ನೊಂದು ಹೊಸದು, ಪುಟ್ಟದು, ಅವಳ ಕೈಗೆಟುಕುವ ಬೆಲೆ. ಡಬ್ಬದ ಮೇಲೆ 'ಇನ್ನೂರು ಬಗೆಯ ಸೌಂಡ್' ಎಂದು ಬರೆದಿತ್ತು. ಸ್ಟೂಲಿನ ಮೇಲೆ ಕೂತು, ಅದಕ್ಕೆ ಅಂಗಡಿಯ ಗಿಟಾರು ಜೋಡಿಸಿ, ಹೆಡ್‌ಫೋನು ಚುಚ್ಚಿ ನುಡಿಸಿದಳು. ಆಹಾ! ಗುಹೆಯೊಳಗೆ ನುಡಿಸಿದ ಹಾಗೆ ಗುಂಯ್‌ಗುಡುತ್ತಿತ್ತು.

"ಇದೇ ಕೊಡಿ."

"ಬೇಡ."

"ಏನು?"

"ಹೆಡ್‌ಫೋನ್ ತೆಗೀರಿ. ಎದ್ದು ನಿಂತ್ಕೊಳ್ಳಿ. ಬೂಟು ಹಾಕಿರೋ ಕಾಲಲ್ಲಿ ತುಳೀರಿ." ಅವನು ಪೆಟ್ಟಿಗೆಯನ್ನು ನೆಲಕ್ಕಿಟ್ಟು ಅಂಗಡಿಯ ದೊಡ್ಡ ಸ್ಪೀಕರಿಗೆ ಜೋಡಿಸಿದ.

ಅವಳು ತುಳಿದಳು. ಗುಂಡಿಗಳು ಎಷ್ಟು ಹತ್ತಿರ ಇದ್ದವೆಂದರೆ ಒಂದನ್ನು ಒತ್ತಿದರೆ ಎರಡೂ ಒತ್ತಿಕೊಂಡವು. ಸೌಂಡ್ ಬದಲಾಗುವಾಗ ಮಧ್ಯೆ ಅರೆಕ್ಷಣ ಗಿಟಾರೇ ನಿಂತುಹೋಯಿತು. ಆ ಗುಂಯ್‌ಗುಡುವ ಸದ್ದು ಸ್ಪೀಕರಿನಲ್ಲಿ ಬರೀ ಕಲಸುಮೇಲೋಗರವಾಗಿ ಕೇಳಿಸಿತು.

"ಇನ್ನೂರು ಸೌಂಡ್ ತಗೊಂಡು ಏನ್ಮಾಡ್ತೀರಾ? ಸ್ಟೇಜ್ ಮೇಲೆ ನೀವು ಬಳಸೋದು ನಾಲ್ಕು," ಅವನು ಜಿರಳೆಯ ಪೆಟ್ಟಿಗೆಯನ್ನು ಮುಂದೆ ತಳ್ಳಿದ. "ಇದು ಸೆಕೆಂಡ್ ಹ್ಯಾಂಡ್, ಅದಕ್ಕಿಂತ ಅಗ್ಗ. ಕಬ್ಬಿಣದ ಮೈ. ನಾಲ್ಕು ಗುಂಡಿ, ದೂರ ದೂರ. ಮಧ್ಯೆ ಶಬ್ದ ನಿಲ್ಲಲ್ಲ. ಸ್ವಲ್ಪ ಗಲೀಜು, ಅಷ್ಟೇ."

ಸ್ವಲ್ಪವಂತೆ! ಗುಂಡಿಗಳ ಸುತ್ತ ಯಾರದೋ ಚೆಲ್ಲಿದ ಮದ್ಯ ಒಣಗಿ ಅಂಟಾಗಿತ್ತು. ಆ ಅಂಟಿನಲ್ಲಿ ಕೂದಲು, ಸಿಗರೇಟಿನ ಬೂದಿ, ಏನೇನೋ. ಮೂಗಿಗೆ ಹಳಸಿದ ವಾಸನೆ ಹೊಡೆಯಿತು.

"ನಾಳೆ ಕ್ಲೀನ್ ಮಾಡಿ ಕೊಡ್ತೀನಿ," ಎಂದ ಅವನು, ಬೆರಳನ್ನು ಅಂಗಿಗೆ ಒರೆಸಿಕೊಳ್ಳುತ್ತಾ.

"ನೀವಾ? ಬೇಡಪ್ಪಾ ಬೇಡ! ಸ್ಪಿರಿಟ್ ಕೊಡಿ, ನಾನೇ ಮಾಡ್ತೀನಿ."

ಬ್ಯಾಗಿನಿಂದ ಕೈಗವಸು ತೆಗೆದಳು. ಹಲ್ಲಿನ ಪಾಚಿ ಕೆರೆಯುವ ಕೊಕ್ಕೆ ಕಡ್ಡಿಯನ್ನೂ ತೆಗೆದಳು. ಮೂಗಿಗೆ ಮಾಸ್ಕ್ ಏರಿಸಿ ಗುಂಡಿಯ ಸಂದು ಸಂದು ಕೆರೆಯತೊಡಗಿದಳು. ಕಪ್ಪು ಮೇಣದಂಥದ್ದು ಸುರುಳಿ ಸುರುಳಿಯಾಗಿ ಎದ್ದು ಬಂತು. ಥೂ, ಥೂ ಅನ್ನುತ್ತಲೇ ಕೆರೆದಳು. ಅವನು ಎದುರಿಗೆ ಕೂತು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

"ಏನ್ ನೋಡ್ತಿದ್ದೀರಾ?"

"ಇಷ್ಟು ಶ್ರದ್ಧೆಯಾಗಿ ಯಾರಾದ್ರೂ ಬಯ್ಯೋದನ್ನ ನಾನು ನೋಡಿರ್ಲಿಲ್ಲ."

ನಗು ಬಂತು. ಮಾಸ್ಕ್ ಇತ್ತಲ್ಲ, ಬದುಕಿದಳು. ಮರುಕ್ಷಣವೇ ಅಮ್ಮನ ಮಾತು ನೆನಪಾಗಿ ಮೈಯೆಲ್ಲ ಉರಿಯಿತು.

"ಒಂದೇ ಒಂದು ಮಾತು ಹೇಳಿ. ನನ್ನ ಶಬ್ದ ಯಾಕೆ ಇಳಿಸಿದ್ರಿ? ನಾನೇನು ಅನ್ಯಾಯ ಮಾಡಿದ್ದೆ ನಿಮಗೆ?"

ಅವನು ಮೊಬೈಲಿನಲ್ಲಿ ಏನನ್ನೋ ಹುಡುಕಿ ತೆಗೆದ. ಆಮೇಲೆ ಕೊರಳಿನ ಹೆಡ್‌ಫೋನು ತೆಗೆದು, ಅದರ ಕಿವಿಗಳನ್ನು ಸ್ಪಿರಿಟ್ಟಿನಲ್ಲಿ ನೀಟಾಗಿ ಒರೆಸಿ ಅವಳ ಮುಂದಿಟ್ಟ.

"ಅವತ್ತಿನ ರೆಕಾರ್ಡಿಂಗ್. ನಿಮ್ಮ ಗಿಟಾರ್ ಮಾತ್ರ ಇದೆ. ಕೇಳ್ಬೇಕು ಅಂದ್ರೆ ಕೇಳಿ... ಬೇಡ ಅಂದ್ರೂ ಒಳ್ಳೇದೇ."

ಅವಳು ಕೇಳಿದಳು.

ಕೇಳಿದವಳ ಮುಖ ಬಿಳಿಚಿಕೊಂಡಿತು. ತಗಡಿನ ಡಬ್ಬದಲ್ಲಿ ಸಾವಿರ ಕಣಜ ತುಂಬಿ ಅಲ್ಲಾಡಿಸಿದಂಥ ಶಬ್ದ! ಕಿವಿಗೆ ಗರಗಸ ಹಾಕಿದಂತಿತ್ತು. ಇದು ಅವಳ ಸೋಲೋನಾ? ಆರು ತಿಂಗಳ ತಪಸ್ಸಾ? ತನ್ನ ಮೇಲೆಯೇ ಅವಳಿಗೆ ಅಸಹ್ಯ ಹುಟ್ಟಿತು.

"ಇದು... ಹೇಗೆ? ಪ್ರಾಕ್ಟೀಸ್ ರೂಮಲ್ಲಿ ಚೆನ್ನಾಗೇ ಇತ್ತಲ್ಲಾ!"

"ಪ್ರಾಕ್ಟೀಸ್ ರೂಮಲ್ಲಿ ಗಿಟಾರ್ ಆಂಪ್ ಇದೆ. ಅದರ ಸ್ಪೀಕರ್ ಈ ಕರ್ಕಶ ಸದ್ದನ್ನೆಲ್ಲ ತಾನೇ ನುಂಗ್ಕೊಳ್ಳುತ್ತೆ. ಹಾಲಲ್ಲಿ ಆಂಪ್ ಇಲ್ಲ, ಪೆಡಲ್‌ನಿಂದ ವೈರು ನೇರ ನನ್ನ ಮಿಕ್ಸರ್‌ಗೆ ಬರುತ್ತೆ. ಆಗ ಪೆಡಲ್‌ನಲ್ಲಿ 'ಕ್ಯಾಬ್' ಅಂತ ಒಂದು ಸೆಟ್ಟಿಂಗ್ ಆನ್ ಮಾಡ್ಬೇಕು. ಆಂಪ್ ಸ್ಪೀಕರ್ ಮಾಡೋ ಕೆಲಸನ ಅದು ಮಾಡುತ್ತೆ. ಬೇರೆ ಭಾನುವಾರ ಅದು ಆನ್ ಇರ್ತಿತ್ತು. ಅವತ್ತು ನೀವು ಮರೆತಿದ್ರಿ, ಡ್ರಮ್ಸ್ ಗಲಾಟೇಲಿ ನಿಮಗೇ ಗೊತ್ತಾಗಿರಲ್ಲ."

ಹೌದು! ಹಿಂದಿನ ದಿನ ಆಂಪಿನಲ್ಲಿ ನುಡಿಸಲು ತಾನೇ ಆಫ್ ಮಾಡಿದ್ದಳು. ಮತ್ತೆ ಆನ್ ಮಾಡಿದ ನೆನಪೇ ಇರಲಿಲ್ಲ.

"ಸೋಲೋಗೂ ಮುಂಚೆ, ಸ್ಪೀಕರೇ ಕೆಟ್ಟಿದೆ ಅಂದ್ಕೊಂಡು ಮೊದಲೆರಡು ಸಾಲಿನವರು ಕಿವಿ ಮುಚ್ಚಿಕೊಳ್ಳೋಕೆ ಶುರು ಮಾಡಿದ್ರು. ನಿಮ್ಮ ತಾಯಿನೂ," ಅವನ ದನಿ ಇಳಿಯಿತು. "ಜನ ನಗೋದಕ್ಕಿಂತ ಕೇಳಿಸದೇ ಇರೋದೇ ವಾಸಿ ಅನ್ನಿಸ್ತು. ಇಳಿಸಿಬಿಟ್ಟೆ. ತಪ್ಪಾಗಿದ್ರೆ ಕ್ಷಮಿಸಿ."

"ಅವತ್ತೇ ಹೇಳ್ಬಹುದಿತ್ತಲ್ಲ!"

"ಚೀಟಿ ಬರೆದು ನಿಮ್ಮ ಕ್ಯಾಪ್ಟನ್ ಕೈಲಿ ಕೊಟ್ಟಿದ್ದೆ. ಕೊಡ್ಲಿಲ್ವಾ?"

ಕೊಕ್ಕೆ ಕಡ್ಡಿ ಅವಳ ಕೈಯಿಂದ ಜಾರಿತು.

ಕೊಟ್ಟಿರಲಿಲ್ಲ! ಭಾವಮೈದನಿಗೆ ಜಾಗ ಬೇಕಿತ್ತಲ್ಲ, ಹೇಗೆ ಕೊಟ್ಟಾನು? ಜಿರಳೆ ಕಂಡಾಗ, ಅಂಟು ಕೆರೆದಾಗ ಬಾರದ ವಾಕರಿಕೆ ಈಗ ಬಂತು. ಈ ಮಾಸಲು ಅಂಗಿಯವನನ್ನು ನಾಲ್ಕು ದಿನ ಶಪಿಸಿದೆನಲ್ಲ ಎಂದು ಕಣ್ಣಲ್ಲಿ ನೀರೂ ಬಂತು.

ಭಾನುವಾರ ಬಂತು.

ಕ್ಲಬ್ಬಿನ ಹಾಲ್ ಜನರಿಂದ ತುಂಬಿತ್ತು. ಕ್ಯಾಪ್ಟನ್ನಿನ ಭಾವಮೈದ ಗಿಟಾರ್ ಚೀಲ ಹೊತ್ತು ಮೊದಲ ಸಾಲಿನಲ್ಲೇ ಕೂತಿದ್ದ, ಕರೆದರೆ ಸಾಕು ಎದ್ದು ಬರುವ ಹಾಗೆ. ಅವಳು ಯಾರ ಮುಖವನ್ನೂ ನೋಡಲಿಲ್ಲ. ತಾನೇ ಕೆರೆದು ತಂದ ಸೆಕೆಂಡ್ ಹ್ಯಾಂಡ್ ಪೆಡಲನ್ನು ನೆಲಕ್ಕಿಟ್ಟು ಕ್ಯಾಬ್ ಆನ್ ಇದೆಯಾ ಎಂದು ಮೂರು ಸಲ ನೋಡಿದಳು. ಜೀವ ಬಾಯಿಗೆ ಬಂದಿತ್ತು.

ಸೋಲೋ ಬಂತು. ಎರಡನೇ ಗುಂಡಿ ತುಳಿದಳು.

ಹಾಲಿನ ಕೊನೆಯಲ್ಲಿ, ಕತ್ತಲಲ್ಲಿ, ಮಿಕ್ಸರಿನ ಮೇಲೆ ಒಂದು ಕೈ ಮೆಲ್ಲಗೆ ಮೇಲಕ್ಕೆ ಸರಿಯಿತು. ಅವಳ ಗಿಟಾರು ಡ್ರಮ್ಸ್ ದಾಟಿ, ಹಾಡು ದಾಟಿ, ದುಂಡಗೆ, ಸ್ಪಷ್ಟವಾಗಿ ಹಾಲಿನ ತುಂಬ ನಿಂತುಬಿಟ್ಟಿತು. ಮಾತಾಡುತ್ತಿದ್ದವರು ಮಾತು ನಿಲ್ಲಿಸಿದರು. ಮೂರನೇ ಸಾಲಿನಲ್ಲಿ ಕೂತಿದ್ದ ಅಮ್ಮ ಪಕ್ಕದವರ ತೋಳು ಅಲ್ಲಾಡಿಸಿ, "ನನ್ನ ಮಗಳು ಕಣ್ರೀ!" ಎಂದಿದ್ದು ಸ್ಟೇಜಿನವರೆಗೂ ಕೇಳಿಸಿತು.

ಚಪ್ಪಾಳೆ ನಿಂತ ಮೇಲೆ ಕ್ಯಾಪ್ಟನ್ ಹಲ್ಲು ಬಿಟ್ಟುಕೊಂಡು ಬಂದ. "ನಾನ್ ಹೇಳ್ಲಿಲ್ವಾ, ಒಳ್ಳೇ ಮೆಷಿನ್ ಬೇಕು ಅಂತ!"

"ಗುಮ್ಮ ಕೊಟ್ಟ ಚೀಟಿ ಎಲ್ಲಿ?"

ಕ್ಯಾಪ್ಟನ್ನಿನ ಹಲ್ಲು ಒಳಗೆ ಹೋಯಿತು. "ಅದಾ... ಎಲ್ಲೋ ಜೇಬಲ್ಲಿ... ಮರೆತೇ ಹೋಯ್ತಮ್ಮಾ."

"ದಿನಕ್ಕೆ ಮೂವತ್ತು ಬಾಯಿ ನೋಡ್ತೀನಿ. ಇಷ್ಟು ಕೊಳಕು ಬಾಯಿ ಇವತ್ತೇ ನೋಡಿದ್ದು," ಎಂದಳು ಅವಳು ಎಲ್ಲರ ಮುಂದೆ. ಬ್ಯಾಂಡಿನಲ್ಲಿ ಹಾಡುವ ಅಕ್ಕ ಬಂದು ಇವಳ ಹೆಗಲ ಮೇಲೆ ಕೈ ಹಾಕಿ ನಿಂತಳು. "ಇವಳು ಹೋದ್ರೆ ನಾನೂ ಹೋಗ್ತೀನಿ ಕ್ಯಾಪ್ಟನ್." ಭಾವಮೈದ ಚೀಲ ಹೊತ್ತು ಸದ್ದಿಲ್ಲದೆ ಜಾಗ ಖಾಲಿ ಮಾಡಿದ.

ಅವಳು ಸೀದಾ ಹಿಂದಕ್ಕೆ, ಮಿಕ್ಸರ್ ಹತ್ತಿರ ಹೋದಳು. ಅವನು ವೈರು ಸುತ್ತುತ್ತಿದ್ದ. ಅದೇ ಎಣ್ಣೆ ಕಲೆಯ ಅಂಗಿ!

"ಚೀಟಿ ಯಾಕೆ ಬರೀಬೇಕಿತ್ತು? ನನಗೇ ಹೇಳೋಕೆ ಏನಾಗಿತ್ತು?"

"ಅಂಗಡೀಲಿ ಪೆಡಲ್ ವಿಷಯ ಆದ್ರೆ ಮಾತಾಡ್ತೀನಿ, ಇಲ್ಲಿ ನಿಮ್ಮನ್ನ ನೋಡಿದ್ರೆ ನಂಗೆ ಮಾತೇ ಬರಲ್ಲ." ಅವನು ತಲೆ ಎತ್ತಲಿಲ್ಲ. ಮಿಕ್ಸರಿನ ಒಂದು ಪುಟ್ಟ ಗುಂಡಿ ಮುಟ್ಟಿದ. "ಇದು ಒತ್ತಿದ್ರೆ ಹೆಡ್‌ಫೋನ್‌ನಲ್ಲಿ ಒಬ್ಬರದ್ದೇ ಕೇಳುತ್ತೆ. ಬೇರೆ ಯಾರದ್ದೂ ಕೇಳಲ್ಲ. ಒಂದು ವರ್ಷದಿಂದ..." ಸುತ್ತಿದ್ದ ವೈರನ್ನು ಮತ್ತೆ ಬಿಚ್ಚಿದ. "ಒಂದು ವರ್ಷದಿಂದ ನಿಮ್ಮದನ್ನೇ ಕೇಳ್ತಿದ್ದೀನಿ."

ಅವಳು ಆ ಪುಟ್ಟ ಗುಂಡಿಯನ್ನೇ ನೋಡಿದಳು.

"ಅವತ್ತು ಹಾಲಿಗೆ ಕೇಳಿಸ್ಲಿಲ್ಲ. ನಾನೊಬ್ಬ ಕೊನೇವರೆಗೂ ಕೇಳಿದೆ. ಆ ಕರ್ಕಶದೊಳಗೂ ನೀವು ಒಂದು ಸ್ವರ ತಪ್ಪಿರ್ಲಿಲ್ಲ."

ಅಷ್ಟು ಅಸಹ್ಯ ಶಬ್ದವನ್ನು, ತಾನೇ ಅರೆನಿಮಿಷ ತಡೆಯಲಾರದೆ ಹೋದದ್ದನ್ನು, ಇವನು ಕೊನೆಯವರೆಗೂ ಕೇಳಿದ್ದನಾ? ಅವಳ ಕಣ್ಣು ಮಂಜಾಯಿತು.

"ಇನ್ನೂ ಎಷ್ಟು ವರ್ಷ ಹೀಗೇ ಬಾಯಿ ಮುಚ್ಕೊಂಡು ಕೂರೋ ಯೋಚನೆ?"

"ನನ್ನ ಕಂಡ್ರೆ ನೀವು ಮೂಗು ಮುರೀತೀರಲ್ಲಾ..."

"ಮುರೀತೀನಿ. ಇನ್ನು ಮುಂದೆಯೂ ಮುರೀತೀನಿ. ಅಂಗಿ ಒಗೆಯೋವರೆಗೂ ಬಿಡಲ್ಲ." ಅವಳು ಕೈಗವಸಿಲ್ಲದ ಕೈಯಿಂದ, ಧೂಳು ಮೆತ್ತಿದ ಅವನ ಬೆರಳುಗಳನ್ನು ಹಿಡಿದುಕೊಂಡಳು. "ಆದ್ರೂ ನಾಳೆ ಅಂಗಡಿಗೆ ಬರ್ತೀನಿ."

"ಯಾಕೆ? ಪೆಡಲ್ ಏನಾದ್ರೂ ತೊಂದ್ರೆ ಕೊಡ್ತಿದ್ಯಾ?"

"ಇಲ್ಲ ಕಣೋ ಗುಮ್ಮಾ. ನಿನ್ನ ಜೊತೆ ಸುಮ್ನೆ ಕೂರೋಕೆ."