ಒಬ್ಬ ಗಿಟಾರಿಸ್ಟ್ ಸಾಕು

ಅಕ್ಷಯ್ ಗಿಟಾರ್ ಬಾರಿಸುತ್ತಿದ್ದಾಗ ವಿಜೇತಾ ಅವನನ್ನು ನೋಡಲಿಲ್ಲ. ಪ್ರವೀಣನನ್ನು ನೋಡುತ್ತಿದ್ದಳು.

ಹೆಮ್ಮಾಡಿ ಪೇಟೆಯಲ್ಲಿ ಪ್ರವೀಣನ ಬಲೆ-ಹಗ್ಗದ ಅಂಗಡಿ. ಅದರ ಮೇಲಿನ ಕೋಣೆಯಲ್ಲಿ, ನೈಲಾನ್ ಹಗ್ಗದ ಸುರುಳಿಗಳ ನಡುವೆ, ಅವರ ಬ್ಯಾಂಡಿನ ಪ್ರಾಕ್ಟೀಸ್. ಬ್ಯಾಂಡ್ ಕಟ್ಟುವ ಆಸೆ ವಿಜೇತಾಳದು. ಬಿಜೂರಿನ ರೈತರ ಮಗಳು, ಕುಂದಾಪುರದ ಕನ್ನಡಕದ ಅಂಗಡಿಯೊಂದರಲ್ಲಿ ಕೆಲಸ, ಹಾಡುವುದೆಂದರೆ ಪ್ರಾಣ. ಕೀಬೋರ್ಡಿಗೆ ಗೆಳತಿ ದಿವ್ಯಾ ಸಿಕ್ಕಿದ್ದಳು. ತಬಲಾಕ್ಕೆ, ಭಜನೆಗಳಲ್ಲಿ ಕೈ ಪಳಗಿದ ಸುಧಾಕರಣ್ಣ. ಗಿಟಾರಿಗೆ ಪ್ರವೀಣ್. ಬ್ರಹ್ಮಾವರದಲ್ಲಿ ಚೆನ್ನಾಗಿ ಬಾರಿಸುವ ಹುಡುಗನಿದ್ದಾನೆ, ಇಬ್ಬರಾದರೆ ಬ್ಯಾಂಡಿಗೆ ಕಳೆ ಬರುತ್ತದೆ ಎಂದು ಅಕ್ಷಯನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಬಂದವನೂ ಅವನೇ.

ಅಕ್ಷಯ್ ನಿಲ್ಲಿಸಿದ. ಎಲ್ಲರಿಗಿಂತ ಮೊದಲು ಚಪ್ಪಾಳೆ ತಟ್ಟಿದವನು ಪ್ರವೀಣ್.

"ಎಂತ ಕೈ ಮರ್ರೆ ನಿಮ್ದ್! ನಾನ್ ಸೋತೆ," ಎಂದು ನಕ್ಕ. ನಗುತ್ತಲೇ ಒಮ್ಮೆ ವಿಜೇತಾಳ ಕಡೆ ನೋಡಿದ. ಆ ನೋಟಕ್ಕೆ ಅವಳ ಕಿವಿ ಬಿಸಿಯಾಯಿತು.

ಅವಳು ಹಾಡುವಾಗ ಅವನು ನೋಡುತ್ತಿದ್ದದ್ದೂ ಹೀಗೆಯೇ. ತಂತಿಯ ಕಡೆ ಅವನಿಗೆ ಗಮನವೇ ಇರುತ್ತಿರಲಿಲ್ಲ. ಅವಳು ಉಸಿರು ತೆಗೆದುಕೊಳ್ಳುವ ಮೊದಲೇ ಅವನ ಬೆರಳು ಮುಂದಿನ ಸಾಲಿಗೆ ಹೋಗಿಬಿಡುತ್ತಿತ್ತು. ಸುಧಾಕರಣ್ಣ ತಬಲಾದ ಮೇಲೆ ಗಟ್ಟಿಯಾಗಿ ಪೆಟ್ಟು ಕೊಟ್ಟು ಅವನನ್ನು ಹಿಂದಕ್ಕೆ ಎಳೆಯಬೇಕಾಗಿತ್ತು.

ಅಂದು ಕೆಳಗಿಳಿದು ಬಸ್ಸಿಗೆ ಕಾಯುವಾಗ ದಿವ್ಯಾ ಮೊಬೈಲಿನಲ್ಲಿ ಪ್ರಾಕ್ಟೀಸಿನ ರೆಕಾರ್ಡಿಂಗ್ ಹಾಕಿದಳು. ಹಾಡು ಒಂದು ಕಡೆ, ಪ್ರವೀಣನ ಗಿಟಾರ್ ಇನ್ನೊಂದು ಕಡೆ.

"ಕೇಂಡ್ಯಾ? ತಾಳ ಓಡ್ತಾ ಇತ್. ತ್ರಾಸಿ ಮದ್ವಿ ರಿಸೆಪ್ಶನ್ ನಮ್ ಮೊದಲ್ನೇ ಪ್ರೋಗ್ರಾಮ್. ಅಲ್ಲ್ ಹೀಂಗಾರೆ ಮತ್ತೆ ಯಾರೂ ಕರಿತಿಲ್ಲೆ. ಅಕ್ಷಯ್ ಒಬ್ಬ ಸಾಕ್."

"ಪಾಪ, ಅವ್ರಿಗೆ ಹ್ಯಾಂಗೆ ಹೇಳುದ್?"

"ನೀನೇ ಹೇಳ್ಕ್. ಬ್ಯಾಂಡ್ ನಿಂದ್ ಅಲ್ದಾ?"

ದಿವ್ಯಾ ಹೇಳಿದ್ದು ಸರಿ ಎಂದು ವಿಜೇತಾಳಿಗೆ ಗೊತ್ತಿತ್ತು. ಆದರೆ ಹೇಳಬೇಕೆಂದು ಫೋನ್ ಕೈಗೆತ್ತಿಕೊಂಡಾಗಲೆಲ್ಲ ಪ್ರವೀಣನ ದನಿ ಕೇಳುವ ಮೊದಲೇ ಮಾತು ಒಣಗುತ್ತಿತ್ತು. ಅವನ ಮುಖ ಸಣ್ಣದಾಗುವುದನ್ನು ಊಹಿಸುವುದೂ ಅವಳಿಂದ ಆಗಲಿಲ್ಲ. ಕೊನೆಗೆ ಫೋನ್ ಮಾಡಿದಾಗ ಬಾಯಿಂದ ಬಂದದ್ದು ಬೇರೆಯೇ.

"ತ್ರಾಸಿ ಪ್ರೋಗ್ರಾಮ್ ಕ್ಯಾನ್ಸಲ್ ಆಯ್ತ್ ಪ್ರವೀಣ್. ಇನ್ನೊಂದ್ ಸಿಕ್ಕುವರೆಗೆ ಪ್ರಾಕ್ಟೀಸೂ ಬ್ಯಾಡ."

ಅವನೇ ಅವಳನ್ನು ಸಮಾಧಾನ ಮಾಡಿದ. "ಬೇಜಾರ್ ಮಾಡ್ಕಂಬೇಡಿ. ನಿಮ್ಮ್ ದನಿಗೆ ಇಂಥದ್ ಹತ್ತ್ ಸಿಕ್ಕತ್ತ್. ಚಾ ಕುಡ್ದ್ರ್ಯಾ? ದನಿ ಸಪ್ಪೆ ಇತ್ತಲೆ."

ಫೋನ್ ಇಟ್ಟ ಮೇಲೆ ಅವಳು ಗೋಡೆಗೆ ಒರಗಿ ಕೂತಳು. ಒಂದು ಸುಳ್ಳಿಗೆ ಇನ್ನೊಂದು ಬೇಕಾಯಿತು. ಪ್ರವೀಣ್‌ಗೆ ಅಂಗಡಿಯಲ್ಲಿ ಕೆಲಸ ಜಾಸ್ತಿಯಂತೆ, ತಾವೇ ಬ್ಯಾಂಡ್ ಬಿಟ್ಟರಂತೆ ಎಂದು ಉಳಿದವರಿಗೆ ಹೇಳಿದಳು. ಸುಧಾಕರಣ್ಣ ಮರುಗಿದರು. ಪ್ರಾಕ್ಟೀಸ್ ದಿವ್ಯಾಳ ಮನೆಗೆ ಹೋಯಿತು. ಅಕ್ಷಯನ ಜೊತೆ ಹಾಡು ನೀರಿನ ಮೇಲೆ ದೋಣಿ ಸರಿದ ಹಾಗೆ ಸಲೀಸಾಗಿ ಸಾಗುತ್ತಿತ್ತು. ಅವಳಿಗೆ ಮಾತ್ರ ಹಾಡಿನ ನಡುವೆ ತಲೆಯೆತ್ತಿದರೆ ನೋಡುವುದಕ್ಕೆ ಯಾರೂ ಇರಲಿಲ್ಲ.

ರಿಸೆಪ್ಶನ್ ಸಂಜೆ ತ್ರಾಸಿಯಲ್ಲಿ ಗಾಳಿ ಎದ್ದಿತು. ಸಮುದ್ರಕ್ಕೆ ಬೆನ್ನು ಮಾಡಿ ಹಾಕಿದ್ದ ಸ್ಟೇಜಿನ ಹಿಂದಿನ ಪರದೆ ಪಟಪಟನೆ ಬಡಿದು ಕಟ್ಟು ಹರಿದುಕೊಂಡಿತು. ಶಾಮಿಯಾನದವರು ಗಡಿಬಿಡಿಯಲ್ಲಿ ಹಗ್ಗಕ್ಕೆ ಯಾರಿಗೋ ಫೋನ್ ಮಾಡಿದರು. ವಿಜೇತಾ ಹೊಸ ಸೀರೆಯ ಸೆರಗು ಸಿಕ್ಕಿಸಿಕೊಂಡು ಮೈಕ್ ಟೆಸ್ಟ್ ಮಾಡುತ್ತಿದ್ದಳು. ಪಕ್ಕದಲ್ಲಿ ಬೈಕ್ ನಿಂತ ಸದ್ದಾಯಿತು. ತಿರುಗಿದಳು.

ಹೆಗಲಲ್ಲಿ ಹಗ್ಗದ ಸುರುಳಿ ಹೊತ್ತು ಪ್ರವೀಣ್ ನಿಂತಿದ್ದ.

ಅವನು ಅವಳನ್ನು ನೋಡಿದ. ಕೀಬೋರ್ಡ್ ಮುಂದಿದ್ದ ದಿವ್ಯಾಳನ್ನು ನೋಡಿದ. ಗಿಟಾರ್ ಶ್ರುತಿ ಮಾಡುತ್ತಿದ್ದ ಅಕ್ಷಯನನ್ನು ನೋಡಿದ. ಅವನ ಮುಖದಲ್ಲಿ ಮೊದಲು ಬಂದದ್ದು ಸಂತೋಷ, ಗುರುತಿನವರನ್ನು ಕಂಡ ಸಂತೋಷ. ಅದು ಮೆಲ್ಲಗೆ ಇಳಿದುಹೋಗುವುದನ್ನು ಅವಳು ನಿಂತಲ್ಲೇ ನೋಡಬೇಕಾಯಿತು. ಈ ಶಾಮಿಯಾನದವರಿಗೆ ಹಗ್ಗ ಹೋಗುವುದು ಅವನ ಅಂಗಡಿಯಿಂದ ಎಂದು ಅವಳಿಗೇನು ಗೊತ್ತಿತ್ತು!

"ಹ್ವಾಯ್ ಪ್ರವೀಣ!" ಸುಧಾಕರಣ್ಣ ತಬಲಾದ ಹಿಂದಿನಿಂದ ಕೂಗಿದರು. "ಅಂಗ್ಡಿ ಕೆಲ್ಸ ಅಂದೇಳಿ ನಮ್ಮನ್ನೇ ಬಿಟ್ಯಲ್ಲ ಮಾರಾಯ! ಬಪ್ಪುಕೆ ಆತಿಲ್ಲೆ ಅಂದೆ ಅಂಬ್ರಲ್ಲ?"

ವಿಜೇತಾ ಮೈಕ್ ಸ್ಟ್ಯಾಂಡ್ ಹಿಡಿದುಕೊಂಡಳು. ಪ್ರವೀಣ್ ಅವಳ ಕಣ್ಣುಗಳನ್ನೇ ನೋಡಿದ. ಕೋಪ ಇರಲಿಲ್ಲ. ಇದ್ದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು.

"ಹೌದ್ ಸುಧಾಕರಣ್ಣ," ಎಂದ ಅವನು. "ಕೆಲ್ಸ ಜಾಸ್ತಿ ಆಯ್ತ್. ನಾನೇ ಬ್ಯಾಡ ಅಂದೆ."

ಅವಳ ಪಕ್ಕದ ಕಂಬಕ್ಕೆ ತಾನೇ ಹಗ್ಗ ಬಿಗಿದ. ಗಂಟು ಹಾಕುವ ಅವನ ಕೈ ಅವಳ ಸೆರಗಿಗೆ ಅಷ್ಟು ಹತ್ತಿರವಿತ್ತು. ಏನಾದರೂ ಹೇಳಬೇಕೆಂದು ಅವಳು ಬಾಯಿ ತೆರೆದಳು. ಮೈಕ್ ಆನ್ ಇತ್ತು. ಬರಿಯ ಉಸಿರು ಸ್ಪೀಕರಿನಲ್ಲಿ ಕೇಳಿಸಿತು.

"ಲಾಯ್ಕ್ ಮಾಡಿ ಹಾಡಿ," ಎಂದು ಹೇಳಿ ಅವನು ಹೋದ.

ಅವಳು ಹಾಡಿದಳು. ಜನ ಕುಣಿದರು. ಮದುಮಗಳು ಸ್ಟೇಜಿಗೆ ಬಂದು ಕೈ ಹಿಡಿದುಕೊಂಡಳು. ಚಪ್ಪಾಳೆಯೆಲ್ಲ ಬೇರೆ ಯಾರಿಗೋ ಸಲ್ಲುತ್ತಿದೆ ಎನಿಸಿ ವಿಜೇತಾ ತಲೆ ತಗ್ಗಿಸಿದಳು. ನಾಚಿಕೊಂಡಳು ಎಂದೇ ನೋಡಿದವರು ತಿಳಿದರು.

ಊಟಕ್ಕೆ ಕೂತಾಗ ಅವಳು ತಟ್ಟೆಯನ್ನು ಬದಿಗೆ ಸರಿಸಿದಳು.

"ಅವ್ರ್ ಬ್ಯಾಡ ಅಂದದ್ದಲ್ಲ," ಎಂದಳು ಎಲ್ಲರೆದುರು. "ಪ್ರೋಗ್ರಾಮ್ ಕ್ಯಾನ್ಸಲ್ ಅಂದೇಳಿ ನಾನೇ ಸುಳ್ಳ್ ಹೇಳಿದ್ದ್. ನಿಮ್ಗೂ ಸುಳ್ಳ್ ಹೇಳಿದ್ದ್."

ದಿವ್ಯಾ ಕಣ್ಣು ಅಗಲಿಸಿದಳು. ಅಕ್ಷಯ್ ತಟ್ಟೆಯಿಂದ ತಲೆ ಎತ್ತಲಿಲ್ಲ. ತನ್ನನ್ನು ಬೈಕಿನಲ್ಲಿ ಕರೆತಂದವನ ಜಾಗದಲ್ಲಿ ಕೂತಿದ್ದೇನೆಂದು ಅವನಿಗೂ ಈಗಷ್ಟೇ ಗೊತ್ತಾಗಿತ್ತು. ಸುಧಾಕರಣ್ಣ ಕೈಯಲ್ಲಿದ್ದ ತುತ್ತನ್ನು ತಟ್ಟೆಗೇ ಹಾಕಿದರು.

"ಆ ಮಾಣಿ ನಿನ್ ಮರ್ಯಾದಿ ಉಳ್ಸಿ ಹೋಯ್ತಲ್ಲೇ ಹೆಣ್ಣೇ," ಎಂದರು. ಅಷ್ಟೇ.

ಬೆಳಿಗ್ಗೆ ಅವಳು ಹೆಮ್ಮಾಡಿಯಲ್ಲಿ ಬಸ್ಸಿಳಿದಾಗ ಪ್ರವೀಣ್ ಯಾರಿಗೋ ಬಲೆ ಬಿಡಿಸಿ ತೋರಿಸುತ್ತಿದ್ದ. ಅವಳು ಅಂಗಡಿಯ ಮೂಲೆಯಲ್ಲಿ ನಿಂತಳು. ಗಿರಾಕಿ ಹೋದ. ಪ್ರವೀಣ್ ಬಲೆ ಮಡಚುತ್ತಲೇ ಇದ್ದ.

"ಕ್ಷಮೆ ಕೇಂಬುಕೆ ಬಂದದ್ದಾದ್ರೆ ಬ್ಯಾಡ," ಎಂದ. "ನಿನ್ನೆ ರಾತ್ರಿ ಸುಧಾಕರಣ್ಣ ಫೋನ್ ಮಾಡಿ ಎಲ್ಲ ಹೇಳ್ರ್."

"ಕ್ಷಮೆ ಅಲ್ಲ. ಅವತ್ತ್ ಹೇಳ್ದೇ ಇದ್ದದ್ದ್ ಹೇಳುಕೆ ಬಂದೆ." ಅವಳು ಸೆರಗನ್ನು ಬೆರಳಿಗೆ ಸುತ್ತಿಕೊಂಡಳು. "ನಿಮ್ಮ್ ತಾಳ ನಿಲ್ಲುದಿಲ್ಲೆ ಪ್ರವೀಣ್. ಓಡತ್ತ್. ನಿಮ್ಮನ್ನ ಬ್ಯಾಂಡಿಗೆ ತಕಂಬುಕೆ ಆತಿಲ್ಲೆ."

ಅವನ ಕೈ ನಿಂತಿತು. ಕಣ್ಣಲ್ಲಿ ನೋವು ಬಂದದ್ದು ಅವಳಿಗೆ ಕಂಡಿತು. ಈ ಸಲ ಅವಳು ಮುಖ ತಿರುಗಿಸಲಿಲ್ಲ.

"ಇಷ್ಟ್ ಹೇಳುಕೆ ನಿಮ್ಗೆ ಅಷ್ಟ್ ಹೆದ್ರಿಕಿಯಾ?"

"ಹೇಳ್ರೆ ನೀವ್ ಬತ್ತಿಲ್ಲೆ ಅಂದೇಳಿ ಹೆದ್ರಿಕಿ. ನಿಮ್ಮ್ ಗಿಟಾರ್ ಇಲ್ದೆ ಹಾಡುಕೆ ಆತ್ತ್. ನೀವ್ ಇಲ್ದೆ..." ಕಣ್ಣು ತುಂಬಿ ಬಂತು. "ಪ್ರೀತಿ ಇಪ್ಪವ್ರಿಗೇ ಹೀಂಗ್ ಮಾಡ್ದೆ ಕಾಣಿ. ನಂಗೆ ನಾಚ್ಕಿ ಆತ್ತ್."

ಹೆದ್ದಾರಿಯಲ್ಲಿ ಬೈಂದೂರಿನ ಬಸ್ಸೊಂದು ಹಾರ್ನ್ ಹೊಡೆಯುತ್ತ ಹೋಯಿತು. ಪ್ರವೀಣ್ ಬಲೆಯನ್ನು ಮೇಜಿನ ಮೇಲಿಟ್ಟು ಈಚೆ ಬಂದ.

"ತಾಳ ಓಡುದ್ ನಂಗೂ ಗೊತ್ತಿತ್. ನಿಮ್ಮ್ ಮುಖ ಕಂಡ್ಕಂಡ್ ಬಾರ್ಸುದಕ್ಕೆ ಹಾಂಗ್ ಆತ್ತ್ ಅಂದೇಳಿ ನೆನ್ಸಿದ್ದೆ." ಸ್ವಲ್ಪ ತಡೆದು, ತುಟಿಯಂಚಿನಲ್ಲಿ ನಕ್ಕ. "ಮನೆಗ್ ಬಂದ್ ಗೋಡೆ ಕಂಡ್ಕಂಡ್ ಬಾರ್ಸಿದೆ. ಆಗ್ಳೂ ಓಡ್ತ್."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. ನಕ್ಕದ್ದಕ್ಕೆ ಮತ್ತೆ ನಾಚಿಕೆಯಾಗಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

"ಬ್ಯಾಂಡ್ ಬ್ಯಾಡ ಅಂದ್ರೆ ಬೇಜಾರಿಲ್ಲೆ," ಎಂದ ಅವನು, ದನಿ ತಗ್ಗಿಸಿ. "ಅಲ್ಲ, ಇತ್. ಒಂದೆರಡ್ ದಿನ ಇರತ್ತ್. ಸುಳ್ಳಿಂದ್ ಇನ್ನೂ ಜಾಸ್ತಿ ದಿನ ಇರತ್ತ್. ಆದ್ರೆ ನೀವ್ ಈಗ ಪ್ರೀತಿ ಅಂದೇಳಿ ಒಂದ್ ಮಾತ್ ಹೇಳ್ರ್ಯಲೆ, ಅದನ್ನ ಅಳ್ತಾ ಹೇಳ್ಬೇಡಿ. ನನ್ ಮುಖ ಕಂಡ್ ಹೇಳಿ."

ವಿಜೇತಾ ಕೈ ತೆಗೆದಳು. ಮೂಗು ಕೆಂಪಾಗಿತ್ತು, ಕಾಡಿಗೆ ಕೆನ್ನೆಗಿಳಿದಿತ್ತು. ಅವನು ಆಗಲೂ ಹಾಗೆಯೇ ನೋಡುತ್ತಿದ್ದ, ಅವಳು ಹಾಡಲು ಉಸಿರೆಳೆಯುವುದನ್ನು ಕಾಯುವವನ ಹಾಗೆ. ಅವಳು ಮುಖ ಎತ್ತಿ, ತಡವರಿಸದೆ, ಹೇಳಿದಳು.